ದೊಡ್ಡ ಸಿಸ್ಟರ್ ಮೂಗಿನ ನೀಲಿ ಚುಕ್ಕೆ

ಗೇಟಿನವನಿಂದ ಸರ್ಜನ್‌ವರೆಗೆ ಆಸ್ಪತ್ರೆಯವರೆಲ್ಲ ದೊಡ್ಡ ಸಿಸ್ಟರ್ ಎಂದೇ ಕರೆಯುತ್ತಿದ್ದ ಹೆಡ್ ನರ್ಸ್, ಎಪ್ಪತ್ತಾರು ತುಂಬಿದ ಮೇಲೆ ನಿದ್ದೆಯಲ್ಲೇ ತೀರಿಕೊಂಡರು. ಗಂಡ ದರ್ಜಿ, ಹೆಣ್ಣುಮಕ್ಕಳಿಬ್ಬರು, ಇವರಿಗೆ ಎದುರಾಡುವ ಎದೆಗಾರಿಕೆಯಿದ್ದ ಓರಗಿತ್ತಿ ಒಬ್ಬಳು. ಅವರ ಬದುಕಿನಲ್ಲಿ ಹೇಳಿಕೊಳ್ಳುವಂಥ ಸೋಲು ಒಂದೇ. ಅದನ್ನು ಅವರೇ ಕಂಡಕಂಡವರಿಗೆ ಹೇಳುತ್ತಿದ್ದುದರಿಂದ ಇಲ್ಲಿ ಮುಚ್ಚಿಡಬೇಕಾದ್ದಿಲ್ಲ.

ದೇಶದೇಶಗಳಿಗೆ ಆ ಸಾಂಕ್ರಾಮಿಕ ಜ್ವರ ಹಬ್ಬಿದ ವರ್ಷ, ಸೋಂಕಿನ ವಾರ್ಡನ್ನು ತಾವೇ ನಡೆಸಬೇಕೆಂದು ದೊಡ್ಡ ಸಿಸ್ಟರ್ ಹಟ ಹಿಡಿದರು. ರೋಗ ಹರಡುವ ಬಗೆ, ತಡೆಯುವ ಬಗೆ ಕುರಿತ ಲಿಖಿತ ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂದದ್ದು ಅವರೊಬ್ಬರಿಗೇ. ವಾರ್ಡಿನ ಹೆಸರೆತ್ತಿದರೆ ನಡುಗುತ್ತಿದ್ದ ಹೊಸ ನರ್ಸೊಬ್ಬಳಿಗೆ ಪುಕ್ಕಲಿ ಎಂದು ಹೆಸರಿಟ್ಟವರೂ ಅವರೇ.

“ಎಲ್ಲಾ ಓದ್ಕೊಂಡಿದ್ದೀಯ, ಇನ್ನೂ ಹೆದರ್ತೀಯಲ್ಲೇ! ಗೊತ್ತಿರೋರಿಗೆ ಎಂಥ ಭಯ?”

“ಗೊತ್ತಿರೋದಕ್ಕೇ ಭಯ, ಸಿಸ್ಟರ್.”

ವಾರ್ಡ್ ತೆರೆಯುವ ಮುಂಚೆ ದೊಡ್ಡ ಸಿಸ್ಟರ್ ಇನ್ನೊಂದು ಪರೀಕ್ಷೆಯಿಟ್ಟರು. ಗೌನು, ಮಾಸ್ಕು, ಗ್ಲೌಸು ತೊಟ್ಟವರ ಕೈಗೆ ನೀಲಿ ಬಣ್ಣ ಬಳಿಯುವುದು. ಆ ಬಣ್ಣವೇ ರೋಗವೆಂದು ತಿಳಿದು, ಗೊಂಬೆಯೊಂದರ ಹಾಸಿಗೆ ಸರಿಪಡಿಸಿ, ತೊಟ್ಟದ್ದನ್ನೆಲ್ಲ ಕಳಚಿ ಹೊರಬರಬೇಕು. ಮೈಮೇಲೆ ಎಳ್ಳಷ್ಟು ನೀಲಿ ಕಂಡರೂ ವಾರ್ಡಿಗೆ ಪ್ರವೇಶವಿಲ್ಲ.

ಪುಕ್ಕಲಿ ಒಂದೊಂದು ದಾರವನ್ನೂ ಹಾವಿನ ಬಾಲ ಹಿಡಿದಂತೆ ಹಿಡಿದು ಬಿಚ್ಚಿ, ತೊಳೆದಿಟ್ಟ ತಟ್ಟೆಯಂತೆ ಹೊರಬಂದಳು. ಆಮೇಲೆ ದೊಡ್ಡ ಸಿಸ್ಟರ್ ಬೀಗುತ್ತ ಬಂದರು. ಎಲ್ಲರೂ ತುಟಿ ಕಚ್ಚಿಕೊಂಡರು.

“ಏನ್ರೇ ಅದು ಕಿಸಿಕಿಸಿ?”

“ನೀವೇ ನೋಡ್ಕೊಳ್ಳಿ. ನಾನ್ ಹೇಳಿದ್ರೆ ಬೈತೀರ,” ಎಂದು ಆಯಾ ಕನ್ನಡಿ ಹಿಡಿದಳು.

ಮೂಗಿನ ಮೇಲೆ ನೀಲಿ ಚುಕ್ಕೆ! ಜಾರುವ ಕನ್ನಡಕವನ್ನು ಬೆರಳಿನಿಂದ ಏರಿಸುವ ಚಾಳಿ ಅವರದು. ಕೈ ಯಾವಾಗ ಮೇಲೇರಿತೋ ಅವರಿಗೇ ತಿಳಿದಿರಲಿಲ್ಲ.

“ಹೋಗ್ಲಿ ಬಿಡಿ ಸಿಸ್ಟರ್, ನಿಮಗೆ ತಿಳೀದೆ ಇರೋದೇನಿದೆ?” ಎಂದರು ದೊಡ್ಡ ಡಾಕ್ಟರು.

“ರೋಗಕ್ಕೆ ನನ್ನ ಮಾರ್ಕ್ಸು ಗೊತ್ತಿರಲ್ಲ ಸಾರ್,” ಎಂದು ದೊಡ್ಡ ಸಿಸ್ಟರ್ ಮುಖ ತೊಳೆದುಕೊಂಡು ಮನೆಗೆ ನಡೆದರು.

ಗಂಡ ಹೊಲಿಗೆ ನಿಲ್ಲಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕರು.

“ನಗಬೇಡಿ ರೀ. ಆ ಹುಡುಗೀರು ನಾನಿಲ್ದೆ ಒಳಗೆ ಹೋಗ್ಬೇಕಾಗುತ್ತೆ.”

“ಮದುವೆಯಾದಾಗ್ನಿಂದ ನೀನು ಮೂಗು ಕುಟ್ಟೋದು ನೋಡ್ತಿದ್ದೀನಿ ಕಣೇ. ಕೂತ್ಕೋ,” ಎಂದವರೇ, ಮಕ್ಕಳ ಚಡ್ಡಿಗೆ ಹಾಕುವ ಎಲಾಸ್ಟಿಕ್ ಕತ್ತರಿಸಿ, ಕನ್ನಡಕದ ಎರಡೂ ಕಡ್ಡಿಗೆ ಹೊಲಿದು, ತಲೆಯ ಹಿಂದೆ ಬಿಗಿದರು.

“ಹೆಡ್ ನರ್ಸು ಚಡ್ಡಿ ಎಲಾಸ್ಟಿಕ್ ಕಟ್ಕೊಂಡು ಹೋಗ್ಲಾ?”

“ನೀಲಿ ಮೂಗಿಗಿಂತ ವಾಸಿ.”

ಮರುದಿನ ಎಲಾಸ್ಟಿಕ್ ಬಿಗಿದುಕೊಂಡೇ ಬಂದು, ಎಲ್ಲರೆದುರು ಅವರು ಮತ್ತೆ ಕೈಗೆ ಬಣ್ಣ ಬಳಿಸಿಕೊಂಡರು.

“ಪುಕ್ಕಲಿ, ಇಲ್ಲಿ ಬಾ. ನನ್ನ ಕೈ ಮೇಲೇರಿದ್ರೆ ಕೂಗು. ಮುಲಾಜು ನೋಡ್ಬೇಡ.”

“ಕೈ, ಸಿಸ್ಟರ್! ಕೈ!” ಎಂದು ಅವಳು ಕೂಗಿದ್ದು ಔಷಧ ಕೊಡುವ ಕಿಟಕಿಯವರೆಗೂ ಕೇಳಿಸಿತು. ಮೇಲೇರುತ್ತಿದ್ದ ಕೈ ಗಾಳಿಯಲ್ಲೇ ನಿಂತು ಕೆಳಗಿಳಿಯಿತು. ಎಲ್ಲ ಕಳಚಿದ ಮೇಲೆ ಆಯಾ ಅವರ ಕಿವಿಯ ಹಿಂದೆಲ್ಲ ಹುಡುಕಿದರೂ ಒಂದು ಚುಕ್ಕೆ ಸಿಗಲಿಲ್ಲ.

ದೊಡ್ಡ ಸಿಸ್ಟರ್ ವಾರ್ಡಿಗೆ ಹೋದರು. ವಾರ ಕಳೆಯುವಷ್ಟರಲ್ಲಿ ಕನ್ನಡಕ ಹಾಕುವ ಡಾಕ್ಟರುಗಳೂ ದರ್ಜಿಯ ಅಂಗಡಿಯ ಮುಂದೆ ಸಾಲುಗಟ್ಟಿದ್ದರು. ಅಂದಿನಿಂದ ದೊಡ್ಡ ಸಿಸ್ಟರ್ ಹೆದರುವವರನ್ನು ಹೀಯಾಳಿಸಲಿಲ್ಲ. ಪ್ರತಿ ಪಾಳಿಗೂ ಒಬ್ಬ ಪುಕ್ಕಲಿ ಬೇಕೆಂದು ಕೇಳಿ ಹಾಕಿಸಿಕೊಂಡರು.

ಅವರು ಬಿಟ್ಟುಹೋದದ್ದು: ಗಂಡ, ಮಕ್ಕಳು, ಇಸ್ತ್ರಿ ಮಾಡಿಟ್ಟ ಒಂದು ಜೊತೆ ಸಮವಸ್ತ್ರ, ಓರಗಿತ್ತಿಯೊಡನೆ ಇತ್ಯರ್ಥವಾಗದ ಒಂದು ಜಗಳ, ಮತ್ತು ಆ ವಾರ್ಡಿನಲ್ಲಿ ದುಡಿದು, ಒಬ್ಬರೂ ಸೋಂಕು ಹತ್ತಿಸಿಕೊಳ್ಳದೆ ಮನೆ ಸೇರಿದ ಅಷ್ಟೂ ಮಂದಿ ನರ್ಸುಗಳು.