ಸಾತಪ್ಪನ ವಿರುದ್ಧ ಉಸುಕಿನ ಸಾಕ್ಷಿ

ಸಾತಪ್ಪ ಕೊಲ್ಹಾಪುರ ಬಳಿಯ ಶಿರೋಳಿಯ ಫೌಂಡ್ರಿಯಲ್ಲಿ ಮೋಲ್ಡರ್. ಕರಗಿದ ಕಬ್ಬಿಣ ಸುರಿಯಲು ಉಸುಕಿನಲ್ಲಿ ಅಚ್ಚು ಕಟ್ಟುವವನು. ಉಸುಕನ್ನು ಮುಷ್ಟಿಯಲ್ಲಿ ಹಿಂಡಿ, ಬೆರಳು ಬಿಚ್ಚಿ, ಉಂಡೆ ನಿಂತಿತೋ ಒಡೆಯಿತೋ ಎಂದು ಇಪ್ಪತ್ತು ವರ್ಷ ನೋಡಿದ್ದವನು ಮನುಷ್ಯರನ್ನೂ ಹಾಗೆಯೇ ನೋಡುತ್ತಿದ್ದ. ನಮ್ಮ ಮನೆಯ ಚಹಾವನ್ನು ಸಹ ನಾನು ಒಂದು ಗುಟುಕು ಕುಡಿದ ಮೇಲೆಯೇ ಬಾಯಿಗಿಡುತ್ತಿದ್ದ.

ಸೋಮವಾರದ ರಜೆಗೆ, ನಾನು ಶಾಲಾ ಮಾಸ್ತರನಾಗಿದ್ದ ಗಡಹಿಂಗ್ಲಜಕ್ಕೆ ಬರುತ್ತಿದ್ದ. ಹಿರಣ್ಯಕೇಶಿ ಹೊಳೆಯ ದಂಡೆಯಲ್ಲಿ ಅವನ ವಿಧವೆ ತಂಗಿ ಮಾಯವ್ವನ ಎರಡೆಕರೆ ಹೊಲವಿತ್ತು. ಅವಳಿಗಿದ್ದದ್ದು ಅದೊಂದೇ. ೧೯೮೫ರ ಚಳಿಗಾಲದಲ್ಲಿ ಆ ಹೊಲದಂಚಿನ ಮಣ್ಣು ತೆಗೆಯಲು ಕುಂಥುನಾಥನೆಂಬ ಸಂಶೋಧಕ ಬಂದು ನಮ್ಮ ಹೊರಗಿನ ಕೋಣೆಯಲ್ಲಿ ಇಳಿದುಕೊಂಡ. ಯಡ್ರಾವದ ಮಗ್ಗದವರ ಮಗ. ಹಾಡುಹಗಲಲ್ಲಿ ಕಂಬಳಿ ಹೊದ್ದು, ಅದರೊಳಗಿನ ಕತ್ತಲಲ್ಲಿ ಕಬ್ಬಿಣದ ಕೊಳವೆಯನ್ನು ದಂಡೆಗೆ ಬಡಿದು, ಹೊರಗೆಳೆದು, ಎರಡೂ ಬಾಯಿಗೆ ಕರಿ ಕಾಗದ ಸುತ್ತುತ್ತಿದ್ದ.

"ಯಡ್ರಾವದವ ಮಗ್ಗ ಬಿಟ್ಟು ಉಸುಕಿಗೆ ಯಾಕ ಬಿದ್ದಾನ್ರಿ ಮಾಸ್ತರ?" ಎಂದ ಸಾತಪ್ಪ. "ಅದೂ ಕಂಬಳಿ ಹೊತ್ಕೊಂಡು?"

ಕುಂಥುನಾಥ ನಕ್ಕ. "ಕಾಕಾ, ಬೆಣಚುಕಲ್ಲಿನ ಕಣ ಬಿಸಿಲು ಕಂಡ್ರ ಅದರಾಗ ಕೂಡಿದ ಶಕ್ತಿ ಖಾಲಿ ಆಗ್ತದ. ಮಣ್ಣಾಗ ಹೂತ ಮ್ಯಾಲ ವರ್ಷಾ ವರ್ಷಾ ಒಂಚೂರ ತುಂಬ್ಕೋತ ಹೋಗ್ತದ. ಕತ್ತಲದಾಗ ಕಾಯಿಸಿದ್ರ ಅದೆಲ್ಲಾ ಬೆಳಕಾಗಿ ಬರ್ತದ. ಬೆಳಕು ಅಳದು ಯಾವಾಗ ಹೂತಿತ್ತು ಹೇಳಬಹುದು. ಯಾವ ಕಾಲಕ್ಕ ಮಳಿ ಜೋರಿತ್ತು, ಹೊಳಿ ಯಾವ ಗುಡ್ಡದಿಂದ ಇದನ್ನ ತಂತು, ಅದೂ ತಿಳೀತದ."

"ಇಪ್ಪತ್ತ ವರ್ಷ ಉಸುಕು ಕಾಯಿಸೇನಿ. ಮಿಂಚುಹುಳದಷ್ಟೂ ಬೆಳಕು ಬಂದಿಲ್ಲ."

"ಭಟ್ಟಿ ಬೆಂಕಿ ಮುಂದ ಅದು ಕಾಣೂದಿಲ್ಲ್ರಿ."

"ಕಾಣದ್ದು ತೋರಸಾವ್ರನ್ನ ಭಾಳ ಮಂದಿ ನೋಡೇನಿ."

ನಾನು ಎಲ್ಲ ತಿಳಿದವನಂತೆ ತಲೆಯಾಡಿಸಿದೆ. ನನ್ನ ಗುಮಾನಿ ಬೇರೆಯೇ ಇತ್ತು: ನಿಧಿ. ಒಂದು ಮಧ್ಯಾಹ್ನ ಛತ್ರಿಯ ತುದಿಯಿಂದ ದಂಡೆಯನ್ನು ಕೆದಕಿ ಬಂದೆ. ಛತ್ರಿ ಮುರಿಯಿತು.

ಸಾತಪ್ಪನ ಸಂಶಯ ಅವನ ಕಸುಬಿನಿಂದಲೇ ಹುಟ್ಟಿತ್ತು. "ಫೌಂಡ್ರಿಯವ್ರು ಛಲೋ ಉಸುಕು ಹುಡುಕಾಕತ್ತಾರ್ರಿ. ಇಂವಾ ಛಲೋ ಐತಿ ಅಂತ ಬರದನಂದ್ರ ನಾಳೆ ಲಾರಿ ಬರ್ತಾವ. ಮಾಯವ್ವನ ಹೊಲಾ ತೆಗ್ಗಾಗಿ ಹೋಗ್ತದ. ಒಂದ ಕೊಳವಿ ನೋಡಬೇಕು."

ಕುಂಥುನಾಥ ಕೊಲ್ಹಾಪುರಕ್ಕೆ ಹೋದ ದಿನ ಕೋಣೆಯ ಕೀಲಿ ಕೊಟ್ಟವನು ನಾನೇ. ಸಾತಪ್ಪ ಕೊಳವೆಯೊಂದನ್ನು ಬಿಚ್ಚಿ, ಉಸುಕನ್ನು ನಮ್ಮ ಮಾಳಿಗೆಯ ಮೇಲೆ ತಗಡಿನಲ್ಲಿ ಹರವಿ, ದಿನವಿಡೀ ಬಿಸಿಲಲ್ಲಿ ಒಣಗಿಸಿ, ಜರಡಿ ಹಿಡಿದ. ಹಿಡಿಯಷ್ಟಕ್ಕೆ ನೀರು ಚಿಮುಕಿಸಿ ಹಿಂಡಿದ. ಮುಖ ಅರಳಿತು.

"ಬರೇ ಜಿಗಟು ಮಣ್ಣ್ರಿ! ಇದ್ರಾಗ ಕಬ್ಬಿಣ ಹೊಯ್ದ್ರ ಗಾಳಿ ಹೊರಬೀಳೂದಿಲ್ಲ, ಕಾಸ್ಟಿಂಗ್ ಅಂದ್ರ ಎರಕದ ತುಂಬ ತೂತು."

ಉಳಿದ ಒಣ ಉಸುಕನ್ನು ಮತ್ತೆ ಗಟ್ಟಿಯಾಗಿ ತುಂಬಿ, ಕರಿ ಕಾಗದವನ್ನು ಮೊದಲಿಗಿಂತ ಅಂದವಾಗಿ ಸುತ್ತಿಟ್ಟ.

ಮರುವರ್ಷ ಕುಂಥುನಾಥ ಸಪ್ಪೆ ಮುಖ ಹೊತ್ತು ಬಂದ. ಸಾತಪ್ಪನೂ ನಮ್ಮ ಪಡಸಾಲೆಯಲ್ಲಿದ್ದ.

"ಮ್ಯಾಲಿನ ಥರಕ್ಕ ಸಾವಿರಾರು ವರ್ಷ ಆಗೇದ. ಅದರ ಕೆಳಗಿಂದು ಮೊನ್ನೆ ಮೊನ್ನೆ ಬಿಸಿಲು ಕಂಡೇನಿ ಅಂತದ. ಹ್ಯಾಂಗ್ರಿ ಮಾಸ್ತರ? ಮಳೀ ಲೆಕ್ಕ ಪೂರಾ ಕೆಟ್ಟು ಹೋತು."

ನಾನು ಗೋಡೆಯ ಮೇಲಿನ ಹಲ್ಲಿಯನ್ನು ಆಳವಾಗಿ ಅಭ್ಯಾಸ ಮಾಡತೊಡಗಿದೆ. ಸಾತಪ್ಪ ಕೇಳಿದ, "ಯಾರು ಬಿಚ್ಚಿದ್ರು, ಅದನೂ ಹೇಳ್ತದೇನ್ರಿ ಉಸುಕು?"

"ಅದೊಂದು ಹೇಳೂದಿಲ್ಲ."

ಸುಮ್ಮನಿದ್ದರೆ ಮುಗಿದಿತ್ತು. ಸಾತಪ್ಪ ತನ್ನ ಮುಷ್ಟಿಯನ್ನು ಬಿಗಿದು, ಬಿಚ್ಚಿ ನೋಡಿಕೊಂಡ. "ನಾನ ಬಿಚ್ಚೇನಿ." ಆಮೇಲೆ ಲಾರಿ, ಹೊಲ, ಮಾಯವ್ವ ಎಲ್ಲ ಹೇಳಿದ. ಕೀಲಿಯ ವಿಷಯವನ್ನೂ ಬಿಡಲಿಲ್ಲ.

ಕುಂಥುನಾಥ "ಮತ್ತೊಮ್ಮೆ ಅಲ್ಲೇ ಕೊಳವಿ ಹೊಡೀಲೇನ್ರಿ?" ಎಂದ.

"ಹೊಡೀರಿ. ಮದಲ ಈ ಉಸುಕು ಕಾಸ್ಟಿಂಗಿಗೆ ನಾಲಾಯಕ ಅಂತ ಬರದು ಕೊಡ್ರಿ."

"ನನಗ ಕಾಸ್ಟಿಂಗ್ ಗೊತ್ತಿಲ್ಲ ಕಾಕಾ."

"ನನಗ ಗೊತ್ತೈತಲ್ರಿ. ನಾ ಹೇಳ್ತೇನಿ, ನೀವು ಬರೀರಿ."

ಸಾತಪ್ಪ ಹೇಳಿದ, ಕುಂಥುನಾಥ ಮರಾಠಿಯಲ್ಲಿ ಬರೆದು ಸಹಿ ಹಾಕಿದ. ಓದು ಬಾರದ ಸಾತಪ್ಪನಿಗಾಗಿ ನಾನು ಗಟ್ಟಿಯಾಗಿ ಓದಿದೆ. ಸಾತಪ್ಪ ಕಾಗದ ಮಡಚಿ ಚಪ್ಪಲಿ ಮೆಟ್ಟಿದ.

"ಎಲ್ಲಿಗೋ?" ಎಂದೆ.

"ಪೋಸ್ಟಮನ್ ಜಿನಗೊಂಡನ ಕಡೆ. ನೀವು ಓದಿದ್ದು, ಅದರಾಗ ಇದ್ದದ್ದು ಒಂದ ಐತೇನ ನೋಡಬೇಕಲ್ರಿ? ನಾ ಬರೂತನಕ ಇವ್ರು ಹೊಲಕ್ಕ ಕಾಲಿಡಬ್ಯಾಡ್ರಿ."