ಕಣದ ಬಿಸಿಲಿಗೆ ಇಟ್ಟ ಡಿಸ್ಕುಗಳು

ಯಾವ ಸಿನಿಮಾವನ್ನು ಡಿಸ್ಕಿನಲ್ಲಿ ಕೊಂಡು ಇಟ್ಟುಕೊಳ್ಳಬೇಕು, ಯಾವುದನ್ನು ಟೀವಿಯಲ್ಲಿ ಬಂದಾಗ ನೋಡಿ ಮರೆತುಬಿಡಬೇಕು ಅನ್ನುವುದಕ್ಕೆ ನನ್ನದೇ ಒಂದು ಪರೀಕ್ಷೆ ಇತ್ತು. ನಾಯಕನನ್ನು ನೋಡಬಾರದು. ಅವನನ್ನು ಚೆನ್ನಾಗಿ ತೋರಿಸುವುದಕ್ಕೆ ನೂರು ಜನ ಇರುತ್ತಾರೆ. ಹಿಂದೆ ನಿಂತವನನ್ನು ನೋಡಬೇಕು. ಛತ್ರಿ ಹಿಡಿದವನು, ಲಾಟೀನು ತಂದಿಟ್ಟು ಹೋಗುವವಳು, ಕಟ್ಟೆಯ ಕೊನೆಯಲ್ಲಿ ಕೂತು ಬೀಡಿ ಹಚ್ಚುವ ಮುದುಕ. ಅವರು ನಿಜವಾಗಿ ತಮ್ಮ ಕೆಲಸ ಮಾಡುತ್ತಿದ್ದರೆ ಆ ಸಿನಿಮಾ ಕೊಳ್ಳಬಹುದು. ಕ್ಯಾಮೆರಾ ಕಡೆ ಬಾಯಿಬಿಟ್ಟುಕೊಂಡು ನಿಂತಿದ್ದರೆ ಬೇಡ. ಮನೆಗೆ ಬಂದವರಿಗೆಲ್ಲ ನಾನು ಇದನ್ನೇ ಉಪದೇಶ ಮಾಡುತ್ತಿದ್ದೆ. ಕಾಫಿ ಲೋಟ ಹಿಡಿದು ಕೂತವರು ತಲೆಯಾಡಿಸುತ್ತಿದ್ದರು. ಎದ್ದು ಹೋಗುವುದಕ್ಕೆ ದಾರಿ ಇರುತ್ತಿರಲಿಲ್ಲ ಅವರಿಗೆ.

ನಾನು ಆಲೂರು ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಸ್ಟೋರಿನ ಬೀಗದ ಕೈ ಇಟ್ಟುಕೊಳ್ಳುವುದು, ಕಾಫಿ ಒಣಗುವ ಕಾಲದಲ್ಲಿ ಕಣ ಕಾಯುವುದು. ಎಸ್ಟೇಟಿನವರೇ ಕೊಟ್ಟ ಮನೆ. ಆ ಮನೆಯ ಹಾಲಿನಲ್ಲಿ ಗೋಡೆಗೆ ಹೊಡೆಸಿದ ಮೂರು ಹಲಗೆಯ ತುಂಬ ನನ್ನ ಡಿಸ್ಕುಗಳು. ಕಪ್ಪುಬಿಳುಪಿನ ಪೌರಾಣಿಕಗಳು, ಒಂದೆರಡು ಹಳೆಯ ತಮಾಷೆಯ ಚಿತ್ರಗಳು, ಹದಿಮೂರು ಕಂತಿನಲ್ಲಿ ಮುಗಿದುಹೋಗುತ್ತಿದ್ದ ಕಾಲದ ಧಾರಾವಾಹಿಗಳು. ಒಂದೇ ಡಿಸ್ಕಿನಲ್ಲಿ ಮೂರು ಸಿನಿಮಾ ತುರುಕಿ ಮಾರುತ್ತಿದ್ದರಲ್ಲ, ಅದನ್ನು ಮುಟ್ಟುತ್ತಿರಲಿಲ್ಲ. ಅದರಲ್ಲಿ ಮುಖಗಳು ಕಲಸಿಟ್ಟ ಹಿಟ್ಟಿನ ಹಾಗೆ ಕಾಣುತ್ತವೆ, ಅರ್ಧ ಹಾಡುಗಳನ್ನು ಕತ್ತರಿಸಿರುತ್ತಾರೆ. ನೆಟ್ಟಗೆ ಫೋನ್ ಸಿಗ್ನಲ್ ಬರದ ಈ ಗುಡ್ಡದಲ್ಲಿ ಮೊಬೈಲಿನಲ್ಲಿ ಸಿನಿಮಾ ನೋಡುತ್ತೇನೆ ಅನ್ನುವವರನ್ನು ಕಂಡರೆ ನನಗೆ ನಗು. ಕೈಯಲ್ಲಿ ಹಿಡಿಯುವುದಕ್ಕೆ ಆಗದ್ದು ನಮ್ಮದಲ್ಲ ಅನ್ನುವುದು ನನ್ನ ವಾದ. ಯಾರಿಗೂ ಒಂದು ಡಿಸ್ಕನ್ನೂ ಎರವಲು ಕೊಟ್ಟವನಲ್ಲ. ಜಿಪುಣ ಅಂದರು, ಅನ್ನಿಸಿಕೊಂಡೆ.

ಆ ನೂರಾರರ ನಡುವೆ ಅಂಗಡಿಯಲ್ಲಿ ಸಿಗದ ಡಿಸ್ಕು ಒಂದೇ ಒಂದು. ಅದರ ಮೇಲೆ ಚಿತ್ರ ಇರಲಿಲ್ಲ, ಮಾರ್ಕರ್ ಪೆನ್ನಿನಲ್ಲಿ ಬರೆದ ಒಂದು ಅಂಕಿ ಮಾತ್ರ. ಬೇರೆಯವುಗಳ ಅಡಿ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಇದರದು ನೇರಳೆ ಛಾಯೆ. ಕಂಪ್ಯೂಟರಿನಲ್ಲಿ ಬರೆದುಕೊಟ್ಟದ್ದು. ಅದರಲ್ಲಿ ನನ್ನ ತಮ್ಮ ಇದ್ದ.

ತಮ್ಮ ಅದೇ ಎಸ್ಟೇಟಿನಲ್ಲಿ ಜೀಪ್ ಓಡಿಸುತ್ತಿದ್ದ. ಒಂದು ಬೇಸಿಗೆಯಲ್ಲಿ ಧಾರಾವಾಹಿಯವರು ಬಂದು ಹದಿನೈದು ದಿನ ಸಾಹುಕಾರರ ಬಂಗಲೆಯಲ್ಲಿ ಶೂಟಿಂಗ್ ಮಾಡಿದರು. ಅವರ ಸಾಮಾನು, ಊಟ ಎಲ್ಲ ಹೊತ್ತು ತಂದವನು ಇವನೇ. ಒಂದು ದಿನ ಸಣ್ಣ ಪಾತ್ರದವನು ಬರಲಿಲ್ಲ. ನೀನೇ ಮಾಡಿಬಿಡಪ್ಪ ಅಂದರಂತೆ. ಜೀಪಿನಿಂದ ಇಳಿಯಬೇಕು, ಯಜಮಾನನ ಮುಂದೆ ನಿಂತು ಒಂದು ಮಾತು ಹೇಳಬೇಕು. "ಅಯ್ಯಾ, ಹೊಳೆ ತುಂಬೈತೆ. ಇವತ್ತು ದಾಟಕ್ಕಾಗಲ್ಲ." ಅಷ್ಟೇ ಪಾತ್ರ.

ಅದು ಪ್ರಸಾರವಾದ ಸಂಜೆ ನಮ್ಮಲ್ಲಿ ಕರೆಂಟು ಇರಲಿಲ್ಲ. ಇಡೀ ಎಸ್ಟೇಟಿನಲ್ಲಿ ಒಬ್ಬರೂ ನೋಡಲಿಲ್ಲ. ತಮ್ಮ ಧಾರಾವಾಹಿಯವರಿಗೆ ಫೋನ್ ಮಾಡಿ ಮಾಡಿ ಕೊನೆಗೆ ಆ ಒಂದು ಕಂತಿನ ಡಿಸ್ಕನ್ನು ತರಿಸಿಕೊಂಡ. ಪ್ಲೇಯರ್ ಇದ್ದದ್ದು ನನ್ನ ಮನೆಯಲ್ಲಿ, ಹಾಗಾಗಿ ಡಿಸ್ಕೂ ನನ್ನ ಹಲಗೆ ಸೇರಿತು. ಅವನ ಹೆಂಡತಿ ಆಗ ಬಾಣಂತನಕ್ಕೆ ಕುಂದೂರಿನ ಹತ್ತಿರದ ತವರಿಗೆ ಹೋಗಿದ್ದಳು. "ಅವ್ಳು ಕೂಸು ಕರ್ಕೊಂಡು ಬಂದ್ಮೇಲೆ ಎಲ್ರೂ ಕೂತ್ಕೊಂಡು ನೋಡಾಣ ಕಣಣ್ಣ" ಅಂದಿದ್ದ. ನನಗೆ ತಡೆಯಲಿಲ್ಲ, ಹಾಕಿ ನೋಡಿದೆ. ಅವನು ನಾಚಿಕೊಂಡು ಆಚೆ ಹೋಗಿ ನಿಂತ.

ಹೆಂಡತಿ ಮಗುವನ್ನು ಕರೆದುಕೊಂಡು ಬರುವುದಕ್ಕೆ ಇನ್ನೊಂದು ವಾರ ಇತ್ತು. ಬೆಳಗ್ಗೆ ಮಂಜು. ರಸ್ತೆಗೆ ಅಡ್ಡ ಬಿದ್ದಿದ್ದ ಕೊಂಬೆ ಸರಿಸುವುದಕ್ಕೆ ಅವನು ಜೀಪಿನಿಂದ ಇಳಿದಿದ್ದಾನೆ. ಆನೆ ಪಕ್ಕದ ಬಿದಿರು ಮೆಳೆಯಲ್ಲೇ ಇತ್ತು. ಆಳುಗಳು ಓಡಿಬಂದು ಕರೆದಾಗ ನಾನು ಹಾಜರಿ ಪುಸ್ತಕ ತೆಗೆದಿಟ್ಟುಕೊಂಡು ಕೂತಿದ್ದೆ. ನಾನು ಹೋಗಿ ನೋಡಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಆಮೇಲೆ ಅವನ ಹೆಂಡತಿ ತವರಲ್ಲೇ ಉಳಿದಳು. ಹೊಲಿಗೆ ಕಲಿತು ಮಗಳನ್ನು ಸಾಕಿದಳು. ಮಗುವಿಗೆ ನಾಲ್ಕು ವರ್ಷವಾದಾಗ ಒಂದು ಸಲ ಬಂದು, ಆ ಡಿಸ್ಕು ಹಾಕಿ ಭಾವ ಅಂದಳು. ಹಾಕಿದೆ. ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಅವಳು ಅಲ್ಲಾಡದೆ ಕೂತು ನೋಡಿದಳು. ಇನ್ನೊಂದು ಸಲ ಹಾಕಿ ಅನ್ನಲಿಲ್ಲ. ನನಗೂ ಕೇಳಬೇಕು ಅಂತ ಹೊಳೆಯಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು.

"ಭಾವ, ಅದನ್ನ ನಂಗೆ ಕೊಡ್ತೀರಾ?"

"ನಿಮ್ಮನೇಲಿ ಪ್ಲೇಯರ್ ಎಲ್ಲೈತೆ? ಮಕ್ಳು ಮರಿ ಇರೋ ಮನೆ, ಗೀಚಿ ಬಿಸಾಕ್ತಾವೆ. ನನ್ನತ್ರ ಇದ್ರೆ ಭದ್ರ."

"ಬಾಳ್ಳುಪೇಟೇಲಿ ಕಾಪಿ ಮಾಡ್ಕೊಡ್ತಾರಂತಲ್ಲ?"

"ಕಾಪಿ ಮಾಡ್ಸಿದ್ರೆ ಕ್ವಾಲಿಟಿ ಹೋಗ್ಬುಡುತ್ತೆ. ನಿಂಗೊತ್ತಾಗಲ್ಲ, ಸುಮ್ನಿರು."

ಕ್ಯಾಸೆಟ್ ಕಾಲದ ಬುದ್ಧಿ ಅದು. ಡಿಸ್ಕನ್ನು ಎಷ್ಟು ಸಲ ನಕಲು ಮಾಡಿದರೂ ಒಂದು ಚೂರೂ ಕೆಡುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲ. ಆದರೆ ನಿಜ ಹೇಳಬೇಕು ಅಂದರೆ ಗೊತ್ತಿದ್ದರೂ ಕೊಡುತ್ತಿರಲಿಲ್ಲ. ಬೇರೆ ಯಾರ ಹತ್ತಿರವೂ ಇಲ್ಲದ್ದು ನನ್ನ ಹತ್ತಿರ ಇದೆ ಅನ್ನುವ ಹುಳ ಕಡಿಯುತ್ತಿತ್ತು ನನಗೆ. ತಮ್ಮನ ವಿಷಯದಲ್ಲೂ ಕಡಿಯಿತು. ಅವಳು ಸರಿ ಭಾವ ಅಂದು ಬಸ್ಸಿಗೆ ನಡೆದಳು.

ಇಲ್ಲಿ ಮಳೆ ಹಿಡಿದರೆ ಚಪ್ಪಲಿಗೆ, ಬೆಲ್ಟಿಗೆ, ದೇವರ ಪಟದ ಗಾಜಿನೊಳಕ್ಕೆ ಬೂಷ್ಟು ಬರುತ್ತದೆ. ಡಿಸ್ಕುಗಳನ್ನೂ ಬಿಡುವುದಿಲ್ಲ. ಒಂದು ವರ್ಷ ನೋಡಿದರೆ ಹಲಗೆಯ ತುಂಬ ಬಿಳಿ ಚುಕ್ಕೆ. ಮಳೆ ಕಳೆದು ಬಿಸಿಲು ಬಿದ್ದ ಮೇಲೆ ಇಲ್ಲಿ ಯಾರಾದರೂ ಮಾಡುವುದು ಒಂದೇ ಕೆಲಸ. ಮನೆಯಲ್ಲಿ ಇರುವುದನ್ನೆಲ್ಲ ತಂದು ಕಣದಲ್ಲಿ ಹರವುವುದು. ಒಂದು ಕಡೆ ಕಾಫಿ ಹಣ್ಣು, ಇನ್ನೊಂದು ಕಡೆ ಹಾಸಿಗೆ, ಕಂಬಳಿ, ಮದುವೆ ಸೀರೆ. ಬಿಸಿಲು ಸೋಕಿದರೆ ಎಲ್ಲ ಸರಿಹೋಗುತ್ತದೆ ಅಂತ ನಾವು ಹುಟ್ಟಿನಿಂದ ನಂಬಿದವರು. ನಾನೂ ಡಿಸ್ಕುಗಳನ್ನು ಒರೆಸಿ, ಚಾಪೆಯ ಮೇಲೆ ಹೊಳೆಯುವ ಮೈ ಮೇಲಾಗಿ ಸಾಲಾಗಿ ಇಟ್ಟೆ. ನಾಲ್ಕು ದಿನ ಬೆಳಗ್ಗೆ ಹರವಿ ಸಂಜೆ ಎತ್ತಿಟ್ಟೆ. ಕಾಗೆ ಬಂದರೆ ಓಡಿಸಿದೆ. ನನ್ನ ಹೆಂಡತಿ, "ಕಾಫಿ ಜೊತೆ ಇದನ್ನೂ ಒಂದ್ಸಲ ಕಾಲಾಡ್ಸಿ ತಿರುವ್ರೀ" ಅಂತ ಗೇಲಿ ಮಾಡಿದಳು. ಬೂಷ್ಟು ಹೋಯಿತು. ಮರುವರ್ಷ ಮತ್ತೆ ಇಟ್ಟೆ. ಅದರ ಮರುವರ್ಷವೂ ಇಟ್ಟೆ.

ಎರಡನೆಯ ವರ್ಷವೇ ತಮ್ಮನ ಡಿಸ್ಕಿನಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಪ್ಲೇಯರಿನ ದೋಷ ಅಂದುಕೊಂಡು ಬೈದೆ. ಮೂರನೆಯ ವರ್ಷ ಪರದೆಯ ಮೇಲೆ ಬಂದದ್ದು 'ನೋ ಡಿಸ್ಕ್' ಅನ್ನುವ ಎರಡು ಪದ. ಒಳಗೆ ಡಿಸ್ಕು ತಿರುಗುವ ಸದ್ದು ಕೇಳುತ್ತಿತ್ತು, ಪ್ಲೇಯರ್ ಮಾತ್ರ ಡಿಸ್ಕೇ ಇಲ್ಲ ಅನ್ನುತ್ತಿತ್ತು. ಬಾಳ್ಳುಪೇಟೆಯ ಕಂಪ್ಯೂಟರ್ ಅಂಗಡಿಗೆ ಹಿಡಿದುಕೊಂಡು ಹೋದೆ. ಅವನು ಬೆಳಕಿಗೆ ಹಿಡಿದು ನೋಡಿ, ಬಿಸಿಲಲ್ಲಿ ಇಟ್ಟಿದ್ರಾ ಸಾರ್ ಅಂದ. ಅಂಗಡಿಯಲ್ಲಿ ಕೊಳ್ಳುವ ಡಿಸ್ಕಿಗೆ ಬಿಸಿಲು ಅಷ್ಟಾಗಿ ಏನೂ ಮಾಡುವುದಿಲ್ಲವಂತೆ. ಹೀಗೆ ಬರೆದುಕೊಟ್ಟದ್ದರಲ್ಲಿ ಬಣ್ಣದ ಒಂದು ಪದರ ಇರುತ್ತದೆ, ಬಿಸಿಲಿಗೆ ಅದು ಬಿಳಿಚಿಕೊಳ್ಳುತ್ತದೆ. "ಇದ್ರಲ್ಲಿ ಈಗ ಏನೂ ಇಲ್ಲ ಸಾರ್. ಕಾಪಿ ಇಟ್ಟಿರ್ಬೇಕಲ್ಲ?" ಅಂದ. ನಾನು ಇದೆ ಅಂದೆ. ಯಾಕೆ ಹಾಗಂದೆನೋ. ಅವನ ಮುಂದೆ ದಡ್ಡನಾಗುವುದು ಬೇಡವಾಗಿತ್ತು. ಧಾರಾವಾಹಿಯವರ ಹಳೆಯ ನಂಬರು ಯಾರದೋ ಆಗಿತ್ತು. ಚಾನೆಲ್ಲಿಗೆ ಎರಡು ಕಾಗದ ಬರೆದೆ, ಉತ್ತರವಿಲ್ಲ. ಅಂಗಡಿಯ ಡಿಸ್ಕುಗಳೆಲ್ಲ ಇವತ್ತಿಗೂ ಸರಿಯಾಗಿ ಓಡುತ್ತವೆ. ಹೋದದ್ದು ಅದೊಂದೇ.

ತಮ್ಮನ ಮಗಳಿಗೆ ಈಗ ಹದಿನೇಳು. ಆಲೂರಿನಲ್ಲಿ ಪಿಯುಸಿ ಓದುತ್ತಾಳೆ. ಎರಡು ವರ್ಷದಿಂದ ಫೋನಿನಲ್ಲಿ ಕೇಳುತ್ತಿದ್ದಳು. "ದೊಡ್ಡಪ್ಪ, ಅಪ್ಪನ ಡಿಸ್ಕ್ ನೋಡ್ಬೇಕು, ಯಾವಾಗ ಬರ್ಲಿ?" ಅವಳಿಗೆ ಅಪ್ಪ ಅಂದರೆ ಮದುವೆಯ ಫೋಟೋ ಮತ್ತು ಲೈಸೆನ್ಸಿನ ಫೋಟೋ. ಅವನು ನಡೆಯುವುದನ್ನು, ಮಾತಾಡುವುದನ್ನು ಅವಳು ಕಂಡೇ ಇಲ್ಲ. ನಾನು ಪ್ಲೇಯರ್ ಕೆಟ್ಟಿದೆ ಅಂದೆ, ರಿಪೇರಿಗೆ ಕೊಟ್ಟಿದ್ದೇನೆ ಅಂದೆ, ಪಾರ್ಟು ಸಿಗುತ್ತಿಲ್ಲ ಅಂದೆ. ಹೆಂಡತಿ, "ಹೇಳ್ಬುಡ್ರೀ, ಇನ್ನೆಷ್ಟು ದಿನ?" ಅನ್ನುವಳು. ನಾಳೆ ಹೇಳುತ್ತೇನೆ ಅನ್ನುತ್ತಿದ್ದೆ.

ಹೋದ ಚಳಿಗಾಲದ ಒಂದು ಭಾನುವಾರ ತಾಯಿ ಮಗಳು ಇಬ್ಬರೂ ಬಂದರು. ಹುಡುಗಿಯ ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಒಂದು ಪ್ಲೇಯರ್.

"ನನ್ ಫ್ರೆಂಡ್ ಮನೆ ಅಟ್ಟದ ಮ್ಯಾಲೆ ಬಿದ್ದಿತ್ತು ದೊಡ್ಡಪ್ಪ. ಚೆನ್ನಾಗಿ ಓಡ್ತೈತೆ, ಚೆಕ್ ಮಾಡೇ ತಂದಿದೀನಿ."

ಅವಳು ವೈರು ಸಿಕ್ಕಿಸಿದಳು, ಹಲಗೆಯಿಂದ ಡಿಸ್ಕು ತಾನೇ ಹುಡುಕಿ ತೆಗೆದಳು, ಹಾಕಿ ಬಂದು ನೆಲದ ಮೇಲೆ ಕೂತಳು. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ನೀಲಿ ಪರದೆ, 'ನೋ ಡಿಸ್ಕ್'. ತೆಗೆದು ವೇಲಿನ ತುದಿಯಿಂದ ಒರೆಸಿ ಮತ್ತೆ ಹಾಕಿದಳು. ಮತ್ತೆ ಅದೇ. ಮೂರನೆಯ ಸಲ ಒರೆಸುವುದಕ್ಕೆ ತೆಗೆದಾಗ ನನಗೆ ನೋಡಲಾಗಲಿಲ್ಲ.

"ಅದು ಹೋಗ್ಬುಟ್ಟೈತೆ ಮಗ. ನಾನೇ ಬಿಸಿಲಿಗಿಟ್ಟು ಹಾಳ್ಮಾಡ್ದೆ. ಎರಡು ವರ್ಷ ಆಯ್ತು."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಡಿಸ್ಕನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

"ನೀವು ತುಂಬ ಸಲ ನೋಡಿದೀರಲ್ಲ. ನೀವೇ ಹೇಳಿ ದೊಡ್ಡಪ್ಪ, ಹೆಂಗಿತ್ತು?"

ನೋಡಿದ್ದೆ. ಹದಿನೈದು, ಇಪ್ಪತ್ತು ಸಲ ನೋಡಿದ್ದೇನೆ. ಬಂದವರಿಗೆಲ್ಲ ಹಾಕಿ ತೋರಿಸಿದ್ದೇನೆ. ಹೇಳುವುದಕ್ಕೆ ಶುರು ಮಾಡಿದೆ. "ಜೀಪು ತಿರುವಿನಿಂದ ಬರುತ್ತೆ. ಎಡಗಡೆ ಕಾಫಿ ಗಿಡ. ಕಥೇಲಿ ಜೋರು ಮಳೆಗಾಲ, ಹೊಳೆ ತುಂಬೈತೆ ಅಂತಾರೆ, ಆದ್ರೆ ಗಿಡದ ತುಂಬ ಹೂವೈತೆ. ಮಳೆಗಾಲದಲ್ಲಿ ಯಾವ ಕಾಫಿ ಗಿಡ ಹೂವಾಗುತ್ತೆ? ಶೂಟಿಂಗು ಮಾಡಿದ್ದು ಬೇಸ್ಗೇಲಿ..."

"ಅಪ್ಪ?"

"ಇಳಿದ. ಇಳಿದು ಬಂದು ಹೇಳ್ದ. ಅಯ್ಯಾ, ಹೊಳೆ ತುಂಬೈತೆ, ಇವತ್ತು ದಾಟಕ್ಕಾಗಲ್ಲ ಅಂತ."

"ಯಾವ ಶರ್ಟು? ಹೇಳ್ತಾ ನಕ್ಕರಾ?"

ನನಗೆ ಗೊತ್ತಿರಲಿಲ್ಲ. ಪ್ರತಿ ಸಲವೂ ಸರಿಯಾಗಿ ಅಲ್ಲೇ ಚಿತ್ರ ನಿಲ್ಲಿಸಿ, ಬಂದವರಿಗೆ ಆ ಹೂವು ತೋರಿಸಿದ್ದೇನೆ. ನೋಡಿ, ಎಷ್ಟು ದೊಡ್ಡ ತಪ್ಪು, ಯಾರೂ ಕಂಡುಹಿಡಿದಿಲ್ಲ, ನಾನು ಕಂಡುಹಿಡಿದೆ ಅಂತ. ಹೂವು ಯಾವ ರೆಂಬೆಯಲ್ಲಿ ಎಷ್ಟು ಬಿಟ್ಟಿತ್ತು ಈಗಲೂ ಹೇಳಬಲ್ಲೆ. ತಮ್ಮನ ಮುಖ ಬಿಟ್ಟುಹೋಗಿತ್ತು. ಊರಿಗೆಲ್ಲ ಹಿಂದೆ ನಿಂತವರನ್ನು ನೋಡಿ ಅಂತ ಉಪದೇಶ ಮಾಡಿದವನು ನಾನು. ಹಾಳು ಬಾಯಿ ನನ್ನದು.

"ನೀಲಿ ಶರ್ಟು" ಅಂದಳು ತಮ್ಮನ ಹೆಂಡತಿ. ಬಂದಾಗಿನಿಂದ ಅವಳು ಬಾಗಿಲ ಹತ್ತಿರವೇ ನಿಂತಿದ್ದಳು. "ಎರಡನೇ ಗುಂಡಿ ಬಿಳೀದು. ಕಿತ್ತೋಗಿತ್ತು, ನಾನೇ ಹೊಲ್ದಿದ್ದೆ."

ಎಲ್ಲ ಹೇಳಿದಳು. ಜೀಪಿನಿಂದ ಇಳಿದವನು ಮೊದಲು ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಎಡಗೈಗೆ ಸುತ್ತಿಕೊಂಡದ್ದು. ಯಜಮಾನನ ಮುಂದೆ ನಿಂತಾಗ ಒಂದು ಕಾಲಿನಿಂದ ಇನ್ನೊಂದು ಕಾಲಿನ ಹಿಂಭಾಗ ಉಜ್ಜಿಕೊಂಡದ್ದು. "ಹೊಳೆ ತುಂಬೈತೆ ಅಂದ್ರು. ಆಮೇಲೆ ಒಂದ್ ಚೂರು ತಡೆದ್ರು, ಮರ್ತೋಯ್ತೇನೋ ಅನ್ನಂಗೆ. ಇವತ್ತು ದಾಟಕ್ಕಾಗಲ್ಲ ಅನ್ನೋದನ್ನ ಮೆತ್ತಗೆ ಅಂದ್ರು. ಆಮೇಲೆ ಸಾಕಾ ಅನ್ನಂಗೆ ಕ್ಯಾಮೆರಾದೋರ ಕಡೆ ನೋಡಿದ್ರು. ಆಗ ನಕ್ರು. ಹಲ್ಲು ಕಾಣಂಗಲ್ಲ. ಬಲಗೆನ್ನೆ ಒಂದ್ ಚೂರು."

"ಮಾಡಿ ತೋರ್ಸಮ್ಮ" ಅಂದಳು ಮಗಳು.

ಅವಳು ಸೆರಗಿನ ತುದಿಯನ್ನು ಎಡಗೈಗೆ ಸುತ್ತಿಕೊಂಡು ಹಾಲಿನ ನಡುವೆ ಬಂದು ನಿಂತಳು. ಕಾಲು ಉಜ್ಜಿಕೊಂಡು, ಆ ಮಾತು ಹೇಳಿ, ನಡುವೆ ತಡೆದು, ಟೀವಿಯ ಕಡೆ ನೋಡಿ ಕೆನ್ನೆ ಮಾತ್ರ ನಕ್ಕಳು. ನನ್ನ ತಮ್ಮನೇ ಅದು. ಅಪ್ಪ ಬೈಯುವಾಗ ಅವನು ನಿಲ್ಲುತ್ತಿದ್ದದ್ದೇ ಹಾಗೆ. ಅವನು ಸತ್ತಾಗಲೂ ನಾನು ಅಷ್ಟು ಅತ್ತಿರಲಿಲ್ಲ. ಹುಡುಗಿ ತನ್ನ ಬಲಗೆನ್ನೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಇನ್ನೊಂದು ಸಲ ಮಾಡಮ್ಮ ಅಂದಳು. ತಾಯಿ ಇನ್ನೊಂದು ಸಲ ಮಾಡಿದಳು. ಅವಳು ಆ ಡಿಸ್ಕು ನೋಡಿದ್ದು ಹದಿಮೂರು ವರ್ಷದ ಹಿಂದೆ, ಒಂದೇ ಒಂದು ಸಲ.

ಊಟ ಮಾಡದೆ ಕಳಿಸುವುದಿಲ್ಲ ಅಂತ ನನ್ನ ಹೆಂಡತಿ ಹಟ ಹಿಡಿದಳು. ಉಂಡರು. ಮಧ್ಯಾಹ್ನದ ಬಸ್ಸಿಗೆ ಹೊರಟಾಗ ಹುಡುಗಿ ಪ್ಲೇಯರ್ ಎತ್ತಿಕೊಳ್ಳಲಿಲ್ಲ. "ನಿಮ್ಮತ್ರಾನೇ ಇರ್ಲಿ ದೊಡ್ಡಪ್ಪ, ನಿಮ್ಗೆ ಬೇಕಾಗುತ್ತೆ" ಅಂದಳು. ಕೊಂಕು ಇರಲಿಲ್ಲ ಆ ಮಾತಿನಲ್ಲಿ. ತಾಯಿ ಅದೇ ಬಾಗಿಲಲ್ಲಿ ನಿಂತಳು.

"ಭಾವ, ಆ ಡಿಸ್ಕು ಈಗ್ಲಾದ್ರೂ ಕೊಡ್ತೀರಾ?"

ಅದರಲ್ಲಿ ಏನೂ ಇಲ್ಲ ಅನ್ನುವುದಕ್ಕೆ ಬಾಯಿ ತೆರೆದೆ. ಅದು ಅವಳಿಗೂ ಗೊತ್ತಿತ್ತು. ಒಳಗೆ ಹೋಗಿ ತಂದು ಕೊಟ್ಟೆ. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬಿಸಿಲು ಬೀಳದ ಹಾಗೆ ಸೆರಗಿನೊಳಗೆ ಇಟ್ಟುಕೊಂಡು ಕಣ ದಾಟಿ ಹೋದಳು.