ಪರಾತದೊಳಗಿನ ಸಮುದ್ರ

ಶಗುಫ್ತಾ ಟೀಚರ್ ಸುಳ್ಳು ಹೇಳುತ್ತಾಳೆಂದು ಹನ್ನೊಂದು ವರ್ಷ ನನಗೆ ಗೊತ್ತಾಗಲಿಲ್ಲ. ಗೊತ್ತಾದ ದಿನ ಸಿಟ್ಟು ಬಂತು, ಯಾಕೆಂದರೆ ಆ ಸುಳ್ಳಿನ ಸರಕೆಲ್ಲ ನನ್ನದೇ.

ಬೆಳಗಾವಿಯ ನೆಹರು ನಗರದಲ್ಲಿ ಆಕೆಯದೊಂದು ಬಾಡಿಗೆ ಖೋಲಿ. ಅಲ್ಲಿಂದ ದಿನಾ ಬಸ್ಸಿನಲ್ಲಿ ಖಾನಾಪುರದಾಚೆಯ ನಮ್ಮ ಸರಕಾರಿ ಶಾಲೆಗೆ. ಆಕೆ ವಿಜ್ಞಾನ, ನಾನು ಕನ್ನಡ, ಸೀಟು ಮಾತ್ರ ಒಂದೇ. ಆಕೆಯ ತಾಯಿ ಬೀಬಿಜಾನ ಹದಿನಾಲ್ಕು ವರ್ಷ ಹಾಸಿಗೆ ಹಿಡಿದಿದ್ದರು. ಅಮ್ಮಿಯನ್ನು ಬಿಟ್ಟು ಈಕೆ ಒಂದು ರಾತ್ರಿಯೂ ಹೊರಗೆ ಉಳಿಯಲಿಲ್ಲ. ಮದುವೆಯ ಮಾತೂ ಹಾಗೇ ನಿಂತುಹೋಯಿತು. ನಾಲ್ಕು ವರ್ಷದ ಹಿಂದೆ ಅಮ್ಮಿ ತೀರಿಕೊಂಡಾಗ ಹೋಗಿ ಮಾತಾಡಿಸಿ ಬಂದೆ. ಆಮೇಲೆ ಆ ಖೋಲಿಯ ಹೊಸ್ತಿಲು ತುಳಿದಿಲ್ಲ.

ಏಳನೇ ತರಗತಿಗೆ ತೆರೆ, ಉಬ್ಬರ-ಇಳಿತದ ಪಾಠ ಬಂದರೆ ಆಕೆ ಬಿಸಿಯೂಟದ ಅಗಲ ಪರಾತದಲ್ಲಿ ನೀರು ತುಂಬಿ ಬೆಂಡಿನ ಚೂರು ತೇಲಿಬಿಡುತ್ತಿದ್ದಳು. ಬೆರಳಾಡಿಸಿದರೆ ತೆರೆ ಅಂಚಿಗೆ ಓಡುತ್ತಿತ್ತು, ಬೆಂಡು ಇದ್ದಲ್ಲೇ ಕುಣಿಯುತ್ತಿತ್ತು. ತೆರೆ ಊರೂರು ತಿರುಗುತ್ತದೆ, ನೀರು ಮನೆ ಬಿಡುವುದಿಲ್ಲ ಎನ್ನುತ್ತಿದ್ದಳು. ನೀವು ಸಮುದ್ರ ನೋಡಿದ್ದೀರಾ ಎಂದು ಮಕ್ಕಳು ಕೇಳಿದರೆ, ಅಮ್ಮಿಯ ಜೊತೆ ಕಾರವಾರಕ್ಕೆ ಹೋಗಿದ್ದೆ ಎಂದು ಶುರು. ಹಿಂದೆ ಸರಿಯುವ ತೆರೆ ಅಂಗಾಲ ಕೆಳಗಿನ ಉಸುಕನ್ನು ಎಳೆದುಕೊಳ್ಳುವುದು, ತುಟಿ ಉಪ್ಪಾಗುವುದು, ಎಲ್ಲ ಹೇಳುತ್ತಿದ್ದಳಂತೆ. ಅದೆಲ್ಲ ನನ್ನಿಂದ ಕೇಳಿದ್ದು! ಪ್ರತಿ ಬೇಸಿಗೆಯಲ್ಲಿ ನಾವು ಮನೆಮಂದಿ ಜೀಪು ಮಾಡಿಕೊಂಡು ಕಾರವಾರಕ್ಕೆ ಹೋಗಿ ಬಂದಾಗ ಶಾಲೆಗೆ ಹೋಗುವ ಬಸ್ಸಿನಲ್ಲಿ ಕೆದಕಿ ಕೆದಕಿ ಕೇಳುವಳು. ನನಗೂ ಹೇಳುವ ಚಟ.

ಈ ವರ್ಷದ ಪ್ರವಾಸ ಕಾರವಾರಕ್ಕೆ ಎಂದು ಹೆಡ್‌ಮಾಸ್ತರ ಚನ್ನಬಸಯ್ಯನವರು ಹೇಳಿದಾಗ ಆಕೆಯ ಮುಖ ಇಳಿಯಿತು. ಮರುದಿನ ಮಾತ್ರ ಕ್ಯಾಲೆಂಡರ್ ಹಿಡಿದು ಬಂದು, ಬನದ ಹುಣ್ಣಿಮೆಗೇ ಹೋಗೋಣ, ಅವತ್ತು ಉಬ್ಬರ ದೊಡ್ಡದಿರುತ್ತದೆ ಎಂದು ಹಟ ಹಿಡಿದಳು.

ಬೆಳಿಗ್ಗೆ ಒಂಬತ್ತೂವರೆಗೆ ದಂಡೆ ಮುಟ್ಟಿದೆವು. ಆಕೆ ಮಕ್ಕಳಿಂದ ಚಪ್ಪಲಿ ಬಿಡಿಸಿದಳು. ತರಗತಿಯ ಬಾಗಿಲಲ್ಲಿ ಬಿಡುವಂತೆ ನೆಟ್ಟಗೆ ಎರಡು ಸಾಲು, ನೀರಿನಿಂದ ಹತ್ತು ಮಾರು ದೂರ. ಮೊದಲ ಜೋಡಿ ಆಕೆಯದೇ. ಆಮೇಲೆ ಸಮುದ್ರದ ಕಡೆ ತಿರುಗಿದವಳು ಅತ್ತಲೇ ನೋಡುತ್ತ ನಿಂತಳು. ನಾನೂ ಚನ್ನಬಸಯ್ಯನವರೂ ಊಟದ ವ್ಯವಸ್ಥೆಗೆ ಹೋಗಿ ಒಂದು ತಾಸಿಗೆ ಬಂದರೆ ಸಾಲೇ ಇಲ್ಲ. ಉಬ್ಬರ ಪಾಠದ ಪ್ರಕಾರವೇ ಬಂದು ಮೂವತ್ತೆಂಟು ಜೋಡಿ ಎತ್ತಿಕೊಂಡು ಹೋಗಿತ್ತು.

ಕೆಲವರು ಅತ್ತರು, ಕೆಲವರು ನಕ್ಕರು. ಹಲಸಿಯ ಸಮೃದ್ಧಿ ಎಂಬ ಹುಡುಗಿ, ಎಲ್ಲದಕ್ಕೂ ಯಾಕೆ ಎನ್ನುವವಳು, ಟೀಚರ್ ಮುಖವನ್ನೇ ನೋಡುತ್ತಿದ್ದಳು.

“ಟೀಚರ್, ನೀವು ಮೊದಲ ಬಂದಿರಲಿಲ್ಲ ಹೌದಲ್ರಿ? ಅಮ್ಮಿ ಜೋಡಿ ಬಂದಿದ್ದೆ ಅಂದಿದ್ರಿ.”

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಆಕೆ ಹೇಳಿದ್ದನ್ನೆಲ್ಲ ಮಕ್ಕಳು ನಂಬಿದ್ದರು. ಇನ್ನೊಂದು ಸುಳ್ಳು ಹೇಳಿ ಪಾರಾಗಬಹುದಿತ್ತು. ನಾನಾಗಿದ್ದರೆ ಹೇಳುತ್ತಿದ್ದೆ.

“ಇಲ್ಲವ್ವ,” ಎಂದಳು. “ಅಮ್ಮಿನೂ ನೋಡಿಲ್ಲ, ನಾನೂ ನೋಡಿರಲಿಲ್ಲ. ಆರಾಮಾದ ಮ್ಯಾಲ ಹೋಗೂಣು ಅಂತ ದಿನಾ ಮಾತಾಡ್ತಿದ್ವಿ. ನಾ ಹೇಳಿದ್ದೆಲ್ಲ ಈ ಕಾಂತಾ ಟೀಚರ್ ನೋಡಿದ್ದು.”

“ಹಂಗಾರ ಬರ್ರಿ, ಈಗ ನೋಡೂಣು,” ಎಂದು ಸಮೃದ್ಧಿ ಆಕೆಯ ಕೈ ಹಿಡಿದು ನೀರಿಗೆ ಎಳೆದಳು. ಮೊಣಕಾಲುದ್ದ ನೀರಿನಲ್ಲಿ ನಿಂತು ಆಕೆ ಅತ್ತಳು, ಮಕ್ಕಳು ಸುತ್ತ ನಿಂತರು. ನಾನು ಚಪ್ಪಲಿ ಮೆಟ್ಟಿಕೊಂಡೇ ಒಣ ಉಸುಕಿನ ಮೇಲೆ ಇದ್ದೆ, ಪಾಲಕರಿಗೆ ಏನು ಹೇಳುವುದೆಂದು ಗೊಣಗುತ್ತ. ಹನ್ನೊಂದು ಬೇಸಿಗೆಯಲ್ಲಿ ಒಮ್ಮೆಯಾದರೂ, ಜೀಪಿನಲ್ಲಿ ಒಂದು ಸೀಟು ಐತಿ, ಬರ್ರಿ ಎಂದಿದ್ದೆನೇ? ಇಲ್ಲ. ಅದು ಆಗ ಹೊಳೆಯಿತು.

ಈ ಮೇ ತಿಂಗಳಲ್ಲಿ ಕರೆದೆ.

“ನಾ ನೋಡೀನಲ್ರಿ, ಕಾಂತಾ ಟೀಚರ್,” ಎಂದಳು, ನಗುತ್ತಲೇ.

ನಾವು ಮನೆಮಂದಿಯಷ್ಟೇ ಹೋಗಿ ಬಂದೆವು. ಶಾಲೆ ಶುರುವಾದ ದಿನ ಬಸ್ಸಿನಲ್ಲಿ ಆಕೆಯ ಬಾಜು ಕೂತು, ಖಾನಾಪುರ ದಾಟುವವರೆಗೂ ಕಾದೆ. ಆಕೆ ಕಿಟಕಿಯಾಚೆ ನೋಡುತ್ತ ಕೂತಿದ್ದಳು, ಏನೂ ಕೇಳಲಿಲ್ಲ.